ಅಣ್ಣಯ್ಯನ ಬ್ಯಾಟರಿ ಗ್ರಿಪ್

ಸ್ಟುಡಿಯೋ ಅಣ್ಣಯ್ಯನ ಎಡಗಣ್ಣು ಸದಾ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಮೂವತ್ತು ವರ್ಷ ಆ ಕಣ್ಣು ಮುಚ್ಚಿ, ಇನ್ನೊಂದನ್ನು ಕ್ಯಾಮರಾಕ್ಕೆ ಒತ್ತಿ ನಿಂತವರು. ಕ್ಯಾಮರಾ ಕೆಳಗಿಟ್ಟ ಮೇಲೂ ರೆಪ್ಪೆ ಪೂರ್ತಿ ಮೇಲೇಳುತ್ತಿರಲಿಲ್ಲ. ಗುರುತಿಲ್ಲದವರು ಇವರು ಕಣ್ಣು ಹೊಡೆಯುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಕಾಲೇಜು ಹುಡುಗಿಯೊಬ್ಬಳು ಸಿಟ್ಟಿನಿಂದ ಎದ್ದು ಹೋದ ಮೇಲೆ, ಹೆಂಗಸರ ಫೋಟೋ ತೆಗೆಯಲು ಒಬ್ಬ ಹೆಂಗಸೇ ಬೇಕೆಂದು ನನ್ನನ್ನು ಕೆಲಸಕ್ಕಿಟ್ಟುಕೊಂಡರು. ನನ್ನ ಅನ್ನದ ದಾರಿ ತೆರೆದದ್ದು ಹಾಗೆ.

ನಾನು ಬಿಜೂರಿನವಳು. ಮೀನು ಮಾರಿ ನನ್ನನ್ನು ಸಾಕಿದ ಅಮ್ಮ ಹೋಗಿ ಆಗ ಒಂದು ವರ್ಷವೂ ಆಗಿರಲಿಲ್ಲ. ಮದುವೆಯ ವಯಸ್ಸು ದಾಟಿತ್ತು, ಕೇಳಲು ಬರುವವರೂ ನಿಂತಿದ್ದರು. ಅಣ್ಣಯ್ಯನದೂ ಒಂಟಿ ಬಾಳು. ಹೆರಿಗೆಗೆಂದು ತವರಿಗೆ ಹೋದ ಹೆಂಡತಿ ಬದುಕಿ ಬರಲಿಲ್ಲವಂತೆ. ಕುಂದಾಪುರದ ಪೇಟೆಯೆಲ್ಲ ಬಾಗಿಲು ಹಾಕಿದ ಭಾನುವಾರವೂ ಅವರು ಸ್ಟುಡಿಯೋ ತೆರೆದು ರೇಡಿಯೋ ಹಚ್ಚಿಕೊಂಡು ಕೂರುತ್ತಿದ್ದರು. ನಾನೂ ಎಷ್ಟೋ ಭಾನುವಾರ ಬಸ್ಸು ಹತ್ತಿ ಸುಮ್ಮನೆ ಬಂದು ಕೂತದ್ದಿದೆ. ಇಬ್ಬರು ಒಂಟಿಗಳು ಒಂದೆಡೆ ಕೂತರೆ ಒಂಟಿತನ ಅರ್ಧವಾಗುತ್ತದೆಂದು ನಂಬಿದ್ದೆ. ಹಾಗೇನೂ ಆಗಲಿಲ್ಲ. ಆದರೆ ಚಹಾ ಎರಡು ಲೋಟ ಬರುತ್ತಿತ್ತು, ಅಷ್ಟೇ ಸಮಾಧಾನ.

ಕೆಲಸ ಅವರೇ ಕಲಿಸಿದರು. ಮದುವೆಗಳಲ್ಲಿ ಅವರು ಮಂಟಪದ ಮೇಲೆ, ನಾನು ಕೆಳಗೆ ನೆಂಟರ ನಡುವೆ. ಧಾರೆಯ ಫೋಟೋ ಮಾತ್ರ ಎಂದೂ ನನಗೆ ಬಿಟ್ಟವರಲ್ಲ. ನಮ್ಮ ಕಡೆ ಧಾರೆಯ ನೀರು ಬಿದ್ದರೇ ಮದುವೆ. ಆ ಒಂದು ಫೋಟೋ ತಪ್ಪಿದರೆ ಉಳಿದ ಐನೂರಕ್ಕೆ ಬೆಲೆಯಿಲ್ಲ ಎನ್ನುತ್ತಿದ್ದರು.

ಡಿಜಿಟಲ್ ಬಂದು ಕೆಲವು ವರ್ಷಗಳಾಗಿದ್ದಾಗ ಒಂದು ಆಲ್ಬಂ ಜೋಡಿಸುತ್ತ ನನಗೊಂದು ವಿಷಯ ಹೊಳೆಯಿತು. ಅವರು ತೆಗೆದವೆಲ್ಲ ಅಡ್ಡ ಫೋಟೋಗಳೇ. ಮದುಮಗಳು ಸೀರೆಯ ನೆರಿಗೆ ಇಳಿಬಿಟ್ಟು ನಿಂತಿದ್ದರೂ ಅಡ್ಡ, ಪಾದವೇ ಇಲ್ಲ. ಹಿಂದಿನ ಮದುವೆ ತೆಗೆದು ನೋಡಿದೆ, ಅದೂ ಹಾಗೆಯೇ. ಅದರ ಹಿಂದಿನದೂ. ಕೇಳಿದಾಗ ರೇಡಿಯೋದ ಸದ್ದು ತಗ್ಗಿಸಿ, ನಮ್ಮ ಕಡೆ ಹುಡುಗಿಯರನ್ನು ಸಲಿಗೆಯಿಂದ ಕರೆಯುವಂತೆ ‘ಹೆಣೆ’ ಎಂದು ಕರೆದು ಹೇಳಿದರು:

"ಕೈ ಮೇಲ್ ಬತ್ತಿಲ್ಲ ಹೆಣೆ. ಯಾರಿಗೂ ಹೇಳ್ಬೇಡ."

ಸಕ್ಕರೆ ಕಾಯಿಲೆಯಿಂದ ಬಲಭುಜ ಮರಗಟ್ಟಿತ್ತು. ಉದ್ದ ಫೋಟೋ ತೆಗೆಯಲು ಕ್ಯಾಮರಾ ತಿರುಗಿಸಿದರೆ ಗುಂಡಿ ಮೇಲಕ್ಕೆ ಹೋಗುತ್ತದೆ, ಮೊಣಕೈ ಕಿವಿಯ ಮಟ್ಟಕ್ಕೆ ಏಳಬೇಕು. ಅದು ಏಳುತ್ತಿರಲಿಲ್ಲ. ಮಂಟಪ ಬಿಟ್ಟರೆ ಆ ಮನುಷ್ಯನಿಗೆ ನಾಲ್ಕು ಜನರ ನಡುವೆ ನಿಲ್ಲಲು ಬೇರೆ ಜಾಗವೇ ಇರಲಿಲ್ಲ. ಆ ಮಾತು ಕೇಳಿ ನನಗೆ ಅಳು ಬಂತು.

ಕ್ಯಾಮರಾದ ಅಡಿಗೆ ಸಿಕ್ಕಿಸುವ ಬ್ಯಾಟರಿ ಗ್ರಿಪ್‌ನ ಯೋಚನೆ ನನ್ನದು. ಎರಡು ಬ್ಯಾಟರಿ ಹಿಡಿಯುವ ಹಿಡಿ ಅದು. ಅದರಲ್ಲಿ ಇನ್ನೊಂದು ಗುಂಡಿ ಇರುತ್ತದೆ, ಕ್ಯಾಮರಾ ತಿರುಗಿಸಿದಾಗ ಮೊಣಕೈ ಕೆಳಗಿಟ್ಟುಕೊಂಡೇ ಒತ್ತಬಹುದು. ಕ್ಯಾಮರಾ ಕಂಪನಿಯದ್ದು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಬೇರೆಯವರು ಮಾಡಿದ ಅಗ್ಗದವು ಮೂರನ್ನು ಮುಂಬೈಯಿಂದ ಬರುವ ಬಿಡಿಭಾಗದ ವ್ಯಾಪಾರಿ ಮೇಜಿನ ಮೇಲಿಟ್ಟ. ಅಣ್ಣಯ್ಯ ಪೆಟ್ಟಿಗೆಯ ಮೇಲೆ ಬರೆದದ್ದನ್ನು ಓದಲೇ ಇಲ್ಲ. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿದರು, ತೆಂಗಿನಕಾಯಿ ನೋಡುವವರ ಹಾಗೆ. ಕಟಕಟ ಎಂದದ್ದು ಆಗಲೇ ವಾಪಸ್. ಉಳಿದೆರಡನ್ನು ಒಂದೊಂದು ದಿನ ಕ್ಯಾಮರಾಕ್ಕೆ ಹಾಕಿ ಸುಮ್ಮನೆ ಇಟ್ಟರು. ಒಂದು ಕೂತಲ್ಲೇ ಬ್ಯಾಟರಿ ಕುಡಿದು ಮುಗಿಸಿತ್ತು. ಮೂರನೆಯದನ್ನು ಹಿಡಿದು, ಕಣ್ಣು ಮುಚ್ಚಿ, ಗುಂಡಿ ಅರ್ಧ ಒತ್ತಿ ಬಿಟ್ಟು, ಮತ್ತೆ ಒತ್ತಿ ನೋಡಿದರು.

"ಹೆಸ್ರ್ ಕಂಡ್ ತಕಂಬುದಲ್ಲ. ಕೈ ಒಪ್ಕಣ್ಕ್," ಎಂದರು.

ಕೈ ಒಪ್ಪಬೇಕಿತ್ತು, ಒಪ್ಪಿತು. ಮುಂದಿನ ಮದುವೆಯಲ್ಲಿ ಮದುಮಗಳ ಪಾದದ ಕಾಲುಂಗುರವೂ ಫೋಟೋದಲ್ಲಿ ಬಂತು. ಅಣ್ಣಯ್ಯ ಶಿರೂರಿನಿಂದ ಕೊಕ್ಕರ್ಣೆಯವರೆಗೆ ಮತ್ತೆ ಓಡಾಡಿದರು. ನಾನು ಗೇಲಿ ಮಾಡುವಷ್ಟು ಉದ್ದ ಫೋಟೋ ತೆಗೆದರು, ಊಟದ ಪಂಕ್ತಿಯನ್ನೂ ಉದ್ದಕ್ಕೇ.

ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಬ್ರಹ್ಮಾವರದ ಕಡೆ ಹೊಸದಾಗಿ ಎ.ಸಿ. ಹಾಕಿಸಿದ ಹಾಲ್‌ನಲ್ಲಿ ಒಂದು ಮದುವೆ. ಡಿಸೆಂಬರ್ ಬೇರೆ, ಒಳಗೆ ಚಳಿ ಹಿಡಿಯುವಷ್ಟು ತಂಪು. ಧಾರೆಯ ನೀರು ಬೀಳುವಾಗ ಅಣ್ಣಯ್ಯನ ಫ್ಲ್ಯಾಶ್ ಬೆಳಗಲಿಲ್ಲ. ಕೆಳಗಿನಿಂದ ನೋಡುತ್ತಿದ್ದೆ. ಅವರು ಒತ್ತುತ್ತಲೇ ಇದ್ದರು, ಕ್ಯಾಮರಾ ಕಣ್ಣಿಂದ ಇಳಿಸಲಿಲ್ಲ. ನಾನು ಕೆಳಗಿನಿಂದಲೇ ನಾಲ್ಕು ಫೋಟೋ ತೆಗೆದೆ. ಮನೆಯವರಿಗೆ ಏನೂ ತಿಳಿಯಲಿಲ್ಲ.

ಸಂಜೆ ಕುಂದಾಪುರದ, ಡಿಸೆಂಬರಿನಲ್ಲೂ ಬಿಡದ ಸೆಕೆಯಲ್ಲಿ ಸ್ಟುಡಿಯೋದ ಮೇಜಿನ ಮೇಲಿಟ್ಟು ಒತ್ತಿದರೆ ಕ್ಯಾಮರಾ ಮೊದಲ ಸಲಕ್ಕೇ ಟಕ್ ಎಂದಿತು. ಐವತ್ತು ಸಲ ಒತ್ತಿದರು, ಐವತ್ತು ಸಲವೂ.

"ಮಿಷನ್ ಸಮ ಇತ್ತ್ ಹೆಣೆ. ನನ್ ಬೆರಳೇ ಒತ್ಲಿಲ್ಲ. ಇನ್ಮೇಲ್ ಮದಿ ಎಲ್ಲ ನೀನೇ ಮಾಡ್," ಎಂದರು. ಭುಜದ ಜಡ್ಡು ಬೆರಳಿಗೂ ಇಳಿದಿದೆಯೆಂದೇ ನಂಬಿ ಕ್ಯಾಮರಾ ನನ್ನ ಕೈಗಿಟ್ಟರು. ಇನ್ನೊಂದು ಮದುವೆಗೆ ಅವರು ಹೊರಡಲೇ ಇಲ್ಲ.

ತಿಂಗಳು ಕಳೆದು ಅದೇ ಹಾಲ್‌ನಲ್ಲಿ ನಾನು ಮಂಟಪದ ಮೇಲಿದ್ದೆ. ಧಾರೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ ಕ್ಯಾಮರಾ ಸತ್ತಿತು. ಗ್ರಿಪ್‌ನ ಬ್ಯಾಟರಿ ತಟ್ಟೆ ಎಳೆದು ನೋಡಿದರೆ ಬ್ಯಾಟರಿಗೆ ತಾಗುವ ತಾಮ್ರದ ಎಲೆಗಳ ಮೇಲೆ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು. ಮೂಸಿದೆ. ತೆಂಗಿನೆಣ್ಣೆ.

ಉಪ್ಪುಗಾಳಿಗೆ ನಮ್ಮಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆಯೇ ಮದ್ದು: ಬೀಗಕ್ಕೆ, ಕತ್ತಿಗೆ, ಕೊಡೆಯ ಕಡ್ಡಿಗೆ. ಅಣ್ಣಯ್ಯ ಹಳೆಯ ಫ್ಲ್ಯಾಶ್‌ಗಳ ಬ್ಯಾಟರಿ ಡಬ್ಬಿಗೂ ಹಚ್ಚುತ್ತ ಬಂದವರು, ಇದಕ್ಕೂ ಪ್ರೀತಿಯಿಂದ ಹಚ್ಚಿದ್ದಾರೆ. ಹಳೆಯವುಗಳ ಸ್ಪ್ರಿಂಗು ಗಟ್ಟಿ, ಅಗ್ಗದ ಗ್ರಿಪ್‌ನದು ಮೆತ್ತಗೆ. ಮೇಲಿಂದ ಎ.ಸಿ.ಯ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಕರೆಂಟು ತಡೆದಿತ್ತು. ಸೆರಗಿನಿಂದ ಒರೆಸಿ ಹಾಕಿದೆ, ಕ್ಯಾಮರಾ ಎದ್ದಿತು. ಧಾರೆಯ ಫೋಟೋ ಸಿಕ್ಕಿತು.

ಆವತ್ತು ತಪ್ಪಿದ್ದು ಅವರ ಬೆರಳಲ್ಲ, ಈ ಎಣ್ಣೆ ಎಂದು ಕೂಡಲೇ ಹೇಳಬೇಕೆಂದು ಬಸ್ಸಿಳಿದು ಸ್ಟುಡಿಯೋ ಕಡೆ ನಡೆದೆ. ಆದರೆ ಮದುವೆ ಮನೆಯವರು ಹೊರಡುವಾಗ ನನ್ನ ಫೋನ್ ನಂಬರ್ ಕೇಳಿ ಬರೆದುಕೊಂಡಿದ್ದರು. ಅಣ್ಣಯ್ಯನದಲ್ಲ, ನನ್ನದು. ಬದುಕಿನಲ್ಲಿ ಮೊದಲ ಸಲ ಯಾರಿಗೋ ನಾನು ಬೇಕಾಗಿದ್ದೆ. ಹೇಳಿದರೆ ಅಣ್ಣಯ್ಯ ನಾಳೆಯೇ ಮಂಟಪ ಹತ್ತುತ್ತಾರೆ, ನಾನು ಮತ್ತೆ ಕೆಳಗೆ. ಬಾಗಿಲಲ್ಲಿ ನಿಂತು, ಮದುವೆ ಚೆನ್ನಾಗಿ ಆಯಿತು ಎಂದಷ್ಟೇ ಹೇಳಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಹೋಗಿ ಮುಂದಿನ ವಾರವಾಯಿತು. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದೆಂಬ ಭಯ. ಅವರು ಸ್ಟುಡಿಯೋದಲ್ಲಿ ದಿನವಿಡೀ ಒಬ್ಬರೇ ಕೂತರು. ನನ್ನ ಭಾನುವಾರಗಳೆಲ್ಲ ಮದುವೆಗೆ ಹೋದವು.

ಎರಡು ವರ್ಷದ ಮೇಲೆ ಆಸ್ಪತ್ರೆಯಲ್ಲಿ ಅವರನ್ನು ನೋಡಿದೆ. ಬೇರೆ ಯಾರೂ ಬಂದಿರಲಿಲ್ಲ. ಕೆಲಸದ ಬಗ್ಗೆ ಕೇಳಿದರು. ಹೇಳಿಬಿಡಬೇಕೆಂದು ಸ್ಟೂಲು ಹತ್ತಿರ ಎಳೆದುಕೊಂಡೆ. ಅಷ್ಟರಲ್ಲಿ ಅವರೇ ಕೇಳಿದರು:

"ಗ್ರಿಪ್ ಈಗ್ಳೂ ಸಮ ಇತ್ತಾ?"

"ಇತ್ತ್ ಅಣ್ಣಯ್ಯ. ಒಂದ್ ಸಲವೂ ಕೈ ಕೊಡ್ಲಿಲ್ಲ."

"ಕಂಡ್ಯಾ, ನಾನ್ ಆರ್ಸದ್ದ್ ಸಮ ಇತ್ತ್. ಬೆರಳಿಂದೇ ತಪ್ಪ್," ಎಂದು ನಕ್ಕರು.

ಅವರು ಆರಿಸಿದ್ದು ಸರಿಯಿತ್ತೆಂಬ ಆ ಸಂತೋಷವನ್ನು ಕೆಡಿಸಬಾರದೆಂದು ಸುಮ್ಮನಾದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಾಚಿಕೆಯಿಂದ ಸುಮ್ಮನಾದೆ. ಮೂರನೆಯ ದಿನ ಅವರು ಹೋದರು, ತಮ್ಮ ಬೆರಳೇ ತಪ್ಪಿತೆಂದು ನಂಬಿಕೊಂಡೇ ಹೋದರು.