ಗೌರಿ ಹಬ್ಬಕ್ಕೆ ಬಂದ ವಕೀಲ

ನನ್ನ ಅಣ್ಣ ವಕೀಲ, ಜೊತೆಗೆ ಶಾಸಕ. ಬೆಳಿಗ್ಗೆ ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ಕರಿ ಕೋಟು, ಮಧ್ಯಾಹ್ನ ಯಾರದೋ ಬೀಗರೂಟದಲ್ಲಿ ಬಿಳಿ ಅಂಗಿ. ಎಷ್ಟು ಸಲ ಗೆದ್ದೆನೆಂದು ಭಾಷಣದಲ್ಲಿ ಅವನೇ ಹೇಳುತ್ತಾನೆ. ಸೋತದ್ದನ್ನು ಅತ್ತಿಗೆ ಹೇಳುತ್ತಾರೆ.

ಅವನಿಗೆ ಹೆಸರು ಬಂದದ್ದು ಹೆಣ್ಣುಮಕ್ಕಳ ಆಸ್ತಿ ಕೇಸುಗಳಿಂದ. ಕೆ.ಆರ್. ಪೇಟೆ ಕಡೆಯ ಒಬ್ಬಾಕೆಗೆ ಅವಳ ಅಣ್ಣತಮ್ಮಂದಿರಿಂದ ಪಾಲು ಕೊಡಿಸಿದ. ಆ ಅಣ್ಣತಮ್ಮಂದಿರು ಮುಂದಿನ ಚುನಾವಣೆಯಲ್ಲಿ ಎದುರಾಳಿಯ ಪರವಾಗಿ ಟ್ರಾಕ್ಟರಿನಲ್ಲಿ ಜನ ತುಂಬಿಕೊಂಡು ಓಡಾಡಿದರು. ಇವನು ತಲೆ ಕೆಡಿಸಿಕೊಳ್ಳಲಿಲ್ಲ. ಹೆಣ್ಣಿಗೂ ಸಮಪಾಲು ಎಂದು ವಿಧಾನಸಭೆಯಲ್ಲಿ ಗುಡುಗಿದ್ದನ್ನು ನಾಗಮಂಗಲದ ನಮ್ಮ ಮನೆಯ ಟಿ.ವಿ.ಯಲ್ಲಿ ನೋಡುತ್ತಾ, ಮುದ್ದೆ ಇಟ್ಟುಕೊಂಡು ಕೂತಿದ್ದ ಗಂಡನಿಗೆ ಸಾರು ಬಿಡುವುದನ್ನೇ ಮರೆತಿದ್ದೆ. ಅಷ್ಟು ಹೆಮ್ಮೆಯಾಗಿತ್ತು.

ಹೋದ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಬಂದ. ತವರಿನ ಬಾಗಿನ ತರುವ ಕೆಲಸವನ್ನು ಅವನು ಎಂದೂ ಬೇರೆಯವರಿಗೆ ಬಿಟ್ಟವನಲ್ಲ. ಚುನಾವಣೆ ಸೋತ ವರ್ಷವೂ ನಗುನಗುತ್ತಲೇ ಬಂದಿದ್ದ. ಈ ಸಲ ಸೀರೆಯ ಜೊತೆಗೆ ಹಕ್ಕು ಬಿಡುಗಡೆ ಪತ್ರವೂ ಇತ್ತು. ಪಾಂಡವಪುರದ ಹತ್ತಿರ ಅಪ್ಪ ಬಿಟ್ಟುಹೋದ ರಸ್ತೆ ಬದಿಯ ಜಮೀನಿನಲ್ಲಿ ಅವನ ಮಗ ಕಲ್ಯಾಣ ಮಂಟಪ ಕಟ್ಟಬೇಕಂತೆ. ನನ್ನ ಪಾಲು ನನಗೆ ಬೇಡವೆಂದು ನಾನು ಸಹಿ ಹಾಕಬೇಕಂತೆ.

“ಗಣೇಸನ ಹಬ್ಬ ಮುಗುಸ್ಕಂಡು ನಾಡಿದ್ದು ರಿಜಿಸ್ಟ್ರಾರ್ ಆಫೀಸ್ಗೆ ಬಂದ್ಬುಡವ್ವ. ಕಾರ್ ಕಳುಸ್ತೀನಿ,” ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಕೂಗಾಡೋಣವೆಂದರೆ ಪಕ್ಕದ ಮನೆಯವರು ಶಾಸಕರನ್ನು ನೋಡಲೆಂದು ಆಗಲೇ ಕಾಂಪೌಂಡಿನ ಪಕ್ಕ ಬಂದು ನಿಂತಿದ್ದರು. ಮೆಲ್ಲಗೆ ಕೇಳಿದೆ.

“ಅಣ್ಣಯ್ಯ, ನಾನು ನಿನ್ ಆಫೀಸ್ಗೆ ಬಂದಿರೋ ಪಾರ್ಟಿ ಅನ್ಕೊ. ವಕೀಲನಾಗಿ ಯೋಳು. ಸೈನ್ ಆಕ್ಬೋದಾ, ಬ್ಯಾಡ್ವಾ?”

ಅವನು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ. ಕಕ್ಷಿದಾರರಿಗೆ ಕೆಟ್ಟ ಸುದ್ದಿ ಹೇಳುವ ಮೊದಲು ಹಾಗೆ ಮಾಡುತ್ತಾನೆ.

“ಆಕ್ಬ್ಯಾಡ,” ಎಂದ.

“ಅಣ್ಣನಾಗಿ?”

“ಆಕ್ಬುಡವ್ವ. ಉಡ್ಗ ಆಸೆ ಇಟ್ಕಂಡವ್ನೆ.”

“ಅಂಗಾರೆ ವಕೀಲ್ರು ಊಟ ಮಾಡ್ಕಂಡ್ ಓಗ್ಲಿ. ಅಣ್ಣ ಬೇಕಾದ್ರೆ ಈಗ್ಲೇ ಒರಡ್ಲಿ,” ಎಂದೆ.

ಅವನು ಊಟ ಮಾಡಿದ. ಒಬ್ಬಟ್ಟಿಗೆ ತುಪ್ಪ ಸಾಲದೆಂದು ಕೇಳಿ ಹಾಕಿಸಿಕೊಂಡ. ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡು, ಕಾಂಪೌಂಡಿನ ಬಳಿ ನಿಂತವರಿಗೆಲ್ಲ ಕೈ ಮುಗಿದು ಹೋದ.

ಆಮೇಲೆ ಅವನ ಫೋನು ಬರಲಿಲ್ಲ. ನಾನು ಮಾಡಿದರೆ ಸಭೆಯಲ್ಲಿದ್ದಾರೆ ಎನ್ನುವ ಉತ್ತರ. ಹನ್ನೆರಡು ತಿಂಗಳೂ ನಡೆಯುವ ಸಭೆ ಯಾವುದೋ ನನಗೆ ತಿಳಿಯದು. ಮಂಟಪದ ಕೆಲಸ ಶುರುವಾಗಲಿಲ್ಲ ಎಂಬ ಸುದ್ದಿ ಮಾತ್ರ ಊರವರಿಂದ ಬಂತು. ಸಹಿ ಹಾಕಿಬಿಟ್ಟಿದ್ದರೆ ಚೆನ್ನಾಗಿತ್ತೇನೋ ಎಂದು ಎಷ್ಟೋ ಸಲ ಅನ್ನಿಸಿದೆ. ಆ ಮಣ್ಣಿಗಿಂತ ಅವನೇ ನನಗೆ ಹೆಚ್ಚು.

ಈ ವರ್ಷ ಗೌರಿ ಹಬ್ಬದ ದಿನ ಅವನ ಕಾರು ಮನೆ ಮುಂದೆ ನಿಂತಿತು. ಸೆರಗು ಸರಿಮಾಡಿಕೊಂಡು ಓಡಿದೆ. ಇಳಿದದ್ದು ಅವನ ಗುಮಾಸ್ತರು. ಜಮೀನನ್ನು ಸರಿಯಾಗಿ ಎರಡು ಮಾಡಿದ ವಿಭಾಗ ಪತ್ರ ಕೊಟ್ಟರು. ರಸ್ತೆ ಬದಿಯ ಅರ್ಧವನ್ನೇ ನನಗೆ ಬರೆದಿದ್ದ. ಅವನ ಸಹಿ ಆಗಿತ್ತು.

“ಬಾಗಿನ?” ಎಂದು ಕೇಳಿದೆ.

ಗುಮಾಸ್ತರು ಕಾರಿನೊಳಗೆ ಇನ್ನೊಮ್ಮೆ ಬಗ್ಗಿ ನೋಡಿದರು.

“ಸಾಹೇಬ್ರು ಇದೊಂದೇ ಕೊಟ್ಟಿದ್ದು ಕಣಕ್ಕ.”

ಹಬ್ಬದ ದಿನ ಬಾಗಿಲಲ್ಲಿ ನಿಂತು ಅತ್ತೆ. ನನ್ನ ವಕೀಲ ಕೇಸು ಗೆಲ್ಲಿಸಿಕೊಟ್ಟಿದ್ದ. ಅಣ್ಣ ಬಂದಿರಲಿಲ್ಲ.