ತಲಪಾಡಿಯ ಆಚೆ ಹುಟ್ಟಿದ ಅಧ್ಯಕ್ಷೆ

ಕಳೆದ ಶುಕ್ರವಾರ ಮಗಳು ನನ್ನ ಮಾನ ಕಳೆದಳು. ಅದೂ ದುಬೈಯ ಮಿರ್ದಿಫ್‌ನ ನಮ್ಮ ಮನೆಯ ಹಾಲ್‌ನಲ್ಲಿ, ಕನ್ನಡ ಸಂಘದ ಇಡೀ ಸಮಿತಿಯ ಎದುರು.

ಸಂಗತಿ ಇಷ್ಟು. ಸಂಘದ ಅಧ್ಯಕ್ಷ ಸ್ಥಾನಕ್ಕೆ ಲೀನಕ್ಕ ನಾಮಪತ್ರ ಕೊಟ್ಟಿದ್ದರು. ಆಸ್ಪತ್ರೆಯಲ್ಲಿ ನರ್ಸ್. ಇಂಟರ್‌ನ್ಯಾಷನಲ್ ಸಿಟಿಯ ತಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಎಂಟು ವರ್ಷದಿಂದ ಮಕ್ಕಳಿಗೆ ಕನ್ನಡ ಕಲಿಸುತ್ತಿರುವವರು. (ನನ್ನ ಮಗಳು ಅ ಆ ಇ ಈ ತಿದ್ದಿದ್ದೂ ಅಲ್ಲೇ.) ಎದುರಾಳಿಯೇ ಇಲ್ಲ. ಚುನಾವಣಾಧಿಕಾರಿ ನಾನು. ಅವರ ಪಾಸ್‌ಪೋರ್ಟ್ ಕಾಪಿ ನೋಡಿದೆ. ಹುಟ್ಟಿದ ಸ್ಥಳ: ಮಂಜೇಶ್ವರ, ಕೇರಳ.

ನಮ್ಮ ಬೈಲಾ ಏನು ಹೇಳುತ್ತದೆ? ಅಧ್ಯಕ್ಷರು ಕರ್ನಾಟಕದಲ್ಲಿ ಹುಟ್ಟಿದವರಾಗಿರಬೇಕು. ಅದನ್ನು ಬರೆದ ಮಹಾನುಭಾವ ಯಾರು? ನಾನೇ. ಮೈಸೂರಿನಿಂದ ಬಂದ ಹೊಸತರಲ್ಲಿ ಅಭಿಮಾನ ಉಕ್ಕಿ ಹರಿಯುತ್ತಿತ್ತು.

"ಎಂತ ಮಾರಾಯ್ರೆ ಇದು?" ಎಂದರು ಲೀನಕ್ಕ. "ನಮ್ಮ ಮನೆ ಇರುವುದು ಉಳ್ಳಾಲದಲ್ಲಿ. ಅಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಹೋದದ್ದು. ಮೂರು ತಿಂಗಳಿಗೆ ತೊಟ್ಟಿಲು ಸಮೇತ ವಾಪಸ್ ಬಂದದ್ದು. ಅವರು ತಲಪಾಡಿ ಗಡಿ ದಾಟಿದ್ದು ನನ್ನ ತಪ್ಪಾ?"

"ರೂಲ್ ಅಂದ್ರೆ ರೂಲ್ ಅಲ್ವಾ ಲೀನಕ್ಕ," ಎಂದೆ. ಸಾಲದ್ದಕ್ಕೆ ಅಮೆರಿಕವನ್ನೂ ಎಳೆದು ತಂದೆ. ಅಲ್ಲೀಗ ಚುನಾವಣೆಯ ಭರಾಟೆ. ಪಕ್ಕದ ಕೆನಡಾದಲ್ಲಿ ಹುಟ್ಟಿದ ಸೆನೆಟರ್ ಒಬ್ಬರು ಅಧ್ಯಕ್ಷರಾಗಬಹುದೇ ಎಂದು ಟಿವಿಯಲ್ಲಿ ದಿನವೂ ಜಗಳ. ಅಷ್ಟು ದೊಡ್ಡ ದೇಶವೇ ಕೇಳುವಾಗ ನಾವು ಕೇಳಬಾರದೇ?

ಸಮೋಸದ ತಟ್ಟೆ ಹಿಡಿದು ಬಂದ ಮಗಳು ಅಲ್ಲೇ ನಿಂತಳು. ಹನ್ನೆರಡು ವರ್ಷ. ಸ್ಕೂಲ್ ಡಿಬೇಟ್‌ಗೆ ಇದೇ ವಿಷಯ ಓದಿಕೊಂಡಿದ್ದಳು.

"ಬಟ್ ಪಪ್ಪಾ, ಹಿಸ್ ಮಾಮ್ ಈಸ್ ಅಮೆರಿಕನ್. ಅದಕ್ಕೇ ಅವರು ನಿಂತಿರೋದು," ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ಐ ವಾಸ್ ಬಾರ್ನ್ ಇನ್ ದುಬೈ. ಹಾಗಾದ್ರೆ ನಾನು ಯಾವತ್ತೂ ಪ್ರೆಸಿಡೆಂಟ್ ಆಗೋ ಹಾಗಿಲ್ವಾ?"

ಯಾರೂ ಸಮೋಸ ಮುಟ್ಟಲಿಲ್ಲ. ಅಲ್ಲಿದ್ದ ಎಲ್ಲರ ಮಕ್ಕಳೂ ಹುಟ್ಟಿದ್ದು ದುಬೈಯಲ್ಲಿ, ಇಲ್ಲವೇ ಅಬುಧಾಬಿಯಲ್ಲಿ. ಮಕ್ಕಳು ಕನ್ನಡ ಮಾತಾಡುವುದಿಲ್ಲ ಎಂದು ಪ್ರತಿ ಸಭೆಯಲ್ಲೂ ಗೋಳಾಡುವವರು ನಾವೇ. ನನಗೆ ನಿಜಕ್ಕೂ ನಾಚಿಕೆಯಾಯಿತು.

"ಖಲಾಸ್. ಆ ಸಾಲು ಹೊಡೆದುಹಾಕಿ," ಎಂದರು ಕಾರ್ಯದರ್ಶಿ. ಐದು ನಿಮಿಷದಲ್ಲಿ ಎಲ್ಲರ ಸಹಿ ಬಿತ್ತು. ಲೀನಕ್ಕ ಅಧ್ಯಕ್ಷೆಯಾದರು, ಮೊದಲ ಸಮೋಸವನ್ನು ನನ್ನ ಮಗಳಿಗೇ ತಿನ್ನಿಸಿದರು.

ಆ ಬೈಲಾ ಪಾಸಾದ ಸಭೆಯಲ್ಲಿ ನಾನು ಎಲ್ಲರಿಗೂ ಪೇಡ ಹಂಚಿದ್ದೆ. ಮಗಳು ಹುಟ್ಟಿ ಆಗ ಹತ್ತು ದಿನ. ಒಂದು ಕೈಯಲ್ಲಿ ಪೇಡ, ಇನ್ನೊಂದರಲ್ಲಿ ಬೈಲಾ. ಎರಡನ್ನೂ ಒಟ್ಟಿಗೆ ನೋಡಲು ನನಗೆ ಹನ್ನೆರಡು ವರ್ಷ ಬೇಕಾಯಿತೇ?