ಹಲ್ಲಕ್ಕನ ಎರಡು ಬಾಗಿಲಿನ ಕಾರು

ಕಟ್ಟಿಸಿಕೊಳ್ಳುವ ಹಲ್ಲುಗಳ ಸೆಟ್ಟು ತಯಾರಿಸುವುದು ಅವಳ ಕೆಲಸ. ದಂತವೈದ್ಯರ ಚಿಕಿತ್ಸಾಲಯದ ಹಿಂಬದಿಯ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕುಳಿತು ಊರಿನ ಅರ್ಧ ಜನರ ನಗುವನ್ನು ಅವಳೇ ಅರೆದು, ತೀಡಿ, ಹೊಳಪು ಕೊಟ್ಟಿದ್ದಳು. ಹಾಗಾಗಿ ಬೀದಿಗೆಲ್ಲ ಅವಳು ಹಲ್ಲಕ್ಕ.

ಮದುವೆಗೆ ಮುಂಚೆ ಅವಳೂ ಅವಳ ಅಣ್ಣನೂ ಹಳೆಯ ಕಾರುಗಳನ್ನು ಬಿಚ್ಚಿ, ಅವಕ್ಕೆ ದೊಡ್ಡ ಎಂಜಿನ್ ಕೂರಿಸಿ, ಹುಟ್ಟಿದಾಗ ಓಡಿದ್ದಕ್ಕಿಂತ ದುಪ್ಪಟ್ಟು ಜೋರಾಗಿ ಓಡುವಂತೆ ಕಟ್ಟುತ್ತಿದ್ದರು. ನಾಲ್ಕನೆಯ ಕಾರಿನಲ್ಲಿ ಅವಳು ಪೆಟ್ರೋಲ್ ಪೈಪನ್ನು ಕಾದು ಸುಡುವ ಸೈಲೆನ್ಸರ್ ಪೈಪಿನ ಮಗ್ಗುಲಲ್ಲೇ ಎಳೆದುಬಿಟ್ಟಳು. ಕಾರು ಹೊತ್ತಿಕೊಂಡಿತು. ಓಡಿಸುತ್ತಿದ್ದ ಅಣ್ಣ ಹೊರಗೆ ಹಾರಿ ಬದುಕಿಕೊಂಡ. ಹೋದದ್ದು ಎರಡು ಹುಬ್ಬು. ಅವನು ಅದನ್ನು ತಿಂಗಳೊಳಗೆ ಮರೆತ. ಅವಳು ಸ್ಪ್ಯಾನರುಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಹೀಗಿರುವಾಗ ಡಾಕ್ಟರಿಗೆ ಎಕ್ಸ್-ರೇ ಯಂತ್ರ ಇಡಲು ಜಾಗ ಬೇಕಾಯಿತು. ಹಿತ್ತಿಲಿನ ಶೆಡ್ಡಿನಲ್ಲಿ ಅವರ ತಂದೆ ಓಡಿಸುತ್ತಿದ್ದ, ನಲವತ್ತೈದು ವರ್ಷ ಹಳೆಯ ಎರಡು ಬಾಗಿಲಿನ ಕಾರು ಗಾಳಿ ಹೋದ ಚಕ್ರಗಳ ಮೇಲೆ ನಿಂತಿತ್ತು.

"ಶುಕ್ರವಾರ ಗುಜರಿಯವನು ಬರ್ತಾನೆ," ಎಂದರು ಡಾಕ್ಟರು.

"ಗುರುವಾರ ನಾನು ತಗೊಂಡು ಹೋಗ್ತೀನಿ," ಎಂದಳು ಹಲ್ಲಕ್ಕ. ಹಾಗೆಂದದ್ದು ತಾನೇ ಎಂಬುದು ಅವಳಿಗೆ ಕೊಂಚ ತಡವಾಗಿ ತಿಳಿಯಿತು.

ಗಂಡ ಭೂಗೋಳದ ಮೇಷ್ಟ್ರು. ಅಂಗಳಕ್ಕೆ ಎಳೆದು ತಂದ ಕಾರಿಗೆ ಒಂದು ಸುತ್ತು ಹಾಕಿದರು.

"ಓಡತ್ತಾ ಇದು?"

"ಇಲ್ಲ."

"ಹಾಗಾದ್ರೆ ಭಯ ಇಲ್ಲ," ಎಂದು ಒಳಗೆ ಹೋದರು.

ಅಣ್ಣನಿಗೆ ಫೋನ್ ಮಾಡಿದಾಗ ಅವನು ನಕ್ಕ. "ಹುಬ್ಬು ಪೂರ್ತಿ ಬಂದಿದೆ ಕಣೆ. ಬರ್ತೀನಿ."

ಹದಿನಾಲ್ಕು ತಿಂಗಳ ಭಾನುವಾರಗಳು ಅಂಗಳದಲ್ಲೇ ಕಳೆದವು. ಅಣ್ಣ ಎಲ್ಲಿಂದಲೋ ದೊಡ್ಡ ಎಂಜಿನ್ ಹೊಂದಿಸಿದ. ಅದರೊಳಗೆ ಗಾಳಿ ಹೋಗುವ ದಾರಿಗಳನ್ನು ಹಲ್ಲಕ್ಕ ಹಲ್ಲು ತೀಡುವ ಯಂತ್ರದಿಂದಲೇ ಉಜ್ಜಿ ನುಣುಪು ಮಾಡಿದಳು. ಎಂಜಿನ್ನನ್ನು ಕಾರಿನೊಳಗೆ ಇಳಿಸುವ ಮೊದಲೇ ಹೊಸ ಬ್ರೇಕು ಕೂರಿಸಿದಳು. ಉಳಿದದ್ದು ಪೆಟ್ರೋಲ್ ಪೈಪು. ಅದನ್ನು ಈ ಸಲ ಎದುರು ಬದಿಯಿಂದ ಎಳೆದಳು. ಬಿಚ್ಚಿದಳು. ಮತ್ತೆ ಎಳೆದಳು. ಹೀಗೆ ಒಂಬತ್ತು ಸಲ ಆಯಿತು.

"ಸಾಕು ಬಿಡೆ," ಎಂದ ಅಣ್ಣ. "ಆವತ್ತೂ ನಾನು ನಿನಗೆ ಒಂದು ಮಾತು ಅಂದಿಲ್ಲ."

"ಅದೇ ಕಷ್ಟ ಆಗಿದ್ದು. ಅನ್ನಬೇಕಿತ್ತು."

ಅಣ್ಣ ಕೈ ಒರೆಸಿಕೊಂಡು, ಕಲ್ಲಿನ ಮೇಲೆ ಕುಳಿತು, ಬೈಯಲು ಶುರು ಮಾಡಿದ. ಪೈಪಿನಿಂದ ಹಿಡಿದು, ಎಂಟನೇ ವಯಸ್ಸಿನಲ್ಲಿ ಅವಳು ಅವನ ಸೈಕಲ್ಲನ್ನು ಬಾವಿಕಟ್ಟೆಗೆ ಗುದ್ದಿದ್ದರವರೆಗೆ, ಕಾಲು ಗಂಟೆ ಉಸಿರು ಬಿಡದೆ ಬೈದ. ಹಲ್ಲಕ್ಕ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು.

"ಮುಗೀತಾ?"

"ಮುಗೀತು."

"ಹದಿಮೂರನೇ ನಂಬರ್ ಸ್ಪ್ಯಾನರ್ ಕೊಡು."

ಹತ್ತನೇ ಸಲ ಕೂರಿಸಿದ ಪೈಪನ್ನು ಅವಳು ಬಿಚ್ಚಲಿಲ್ಲ.

ವಾಹನ ತಪಾಸಣೆಯ ಅಧಿಕಾರಿ ಬಾನೆಟ್ಟಿನೊಳಗೆ ಬಹಳ ಹೊತ್ತು ಬಗ್ಗಿ ನೋಡಿದ. "ಯಾವ ಗ್ಯಾರೇಜಮ್ಮಾ?"

"ಹಲ್ಲಿನಾಸ್ಪತ್ರೆ," ಎಂದಳು.

ಅವನು ಬಾನೆಟ್ಟು ಮುಚ್ಚಿದ. ಕಾಗದಕ್ಕೆ ಮೊಹರು ಬಿತ್ತು.

ಹಳೆಯ ಕಾರುಗಳ ಸಂಘದವರು ಗುಡ್ಡ ಹತ್ತುವ ಸ್ಪರ್ಧೆ ಇಟ್ಟಿದ್ದರು. ಏಳು ಕಾರುಗಳು. ಅಣ್ಣ ಕೆಳಗೇ ನಿಂತ. ಮೇಷ್ಟ್ರು ನಕ್ಷೆ ಹಿಡಿದು ಹೆಂಡತಿಯ ಪಕ್ಕ ಕುಳಿತರು. ಇದ್ದದ್ದು ಒಂದೇ ರಸ್ತೆ. ಮೂರನೇ ತಿರುವಿನವರೆಗೆ ಹಲ್ಲಕ್ಕ ಮೂಗನ್ನು ಗಾಳಿಗೊಡ್ಡಿ, ಸುಟ್ಟ ವಾಸನೆ ಬರುತ್ತದೆಯೇ ಎಂದು ನೋಡುತ್ತಲೇ ಓಡಿಸಿದಳು. ಬರಲಿಲ್ಲ. ಆಮೇಲೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಳು. ಮೇಷ್ಟ್ರ ಕೈಯಿಂದ ನಕ್ಷೆ ಕಿಟಕಿಯಾಚೆ ಹಾರಿತು.

ನಾಲ್ಕನೆಯ ಸ್ಥಾನ ಬಂತು. ತುದಿಯಲ್ಲಿ ಮೇಷ್ಟ್ರು ಇಳಿದು, ಕಾರಿನ ಬಾಗಿಲು ಹಿಡಿದುಕೊಂಡೇ ಕೆಲಹೊತ್ತು ನಿಂತರು. ಮುಖ ಬಿಳಿಚಿತ್ತು. ಹಲ್ಲಕ್ಕ ನೀರಿನ ಬಾಟಲಿ ಕೊಟ್ಟಳು. ಅವರು ಅರ್ಧ ಕುಡಿದರು.

"ಇನ್ನೊಂದ್ಸಲ ಹೋಗೋಕೆ ಬಿಡ್ತಾರಾ?" ಎಂದು ಕೇಳಿದರು.